ಬುಗುರಿ ಮುಚ್ಚಿದ ತೂತು

“ಮತ್ತೆ ಸೋರ್ತಾ ಇದೆ! ನೋಡಮ್ಮಾ, ಮತ್ತೆ!”

ಹಾರ್ನ್ ಮಾವನ ಕೂಗಿಗೆ ಗ್ಯಾರೇಜಿನ ತಗಡಿನ ಸೂರು ಒಂದು ಗೇಣು ಮೇಲೆದ್ದು ಮತ್ತೆ ಕೂತಿತು. ನಂಬಿಕೆ ಬರದಿದ್ದರೆ ಸೂರಿನ ಮೇಲೆ ಮಲಗಿದ್ದ ಬೆಕ್ಕನ್ನು ಕೇಳಿ.

ಹಾರ್ನ್ ಮಾವ ಗುಡ್ಡದ ಮೇಲಿನ ಶಾಲೆಗೆ ಮಕ್ಕಳನ್ನು ಒಯ್ಯುವ ಜೀಪಿನ ಡ್ರೈವರು. ಎದುರಿಗೆ ಇರುವೆ ಬಂದರೂ ಹಾರ್ನ್ ಹೊಡೆಯುವ ಆಸಾಮಿ. ಅವನದು ನಾಲ್ಕು ಚಕ್ರಗಳೂ ಎಳೆಯುವ ಫೋರ್ ವೀಲ್ ಡ್ರೈವ್ ಜೀಪು. ಎಷ್ಟು ಹಳೆಯದು ಅಂತೀರಿ? ಅದು ಹುಟ್ಟಿದಾಗ ರಸ್ತೆಗಳು ಇನ್ನೂ ಹುಟ್ಟಿರಲಿಲ್ಲ!

ಆ ಜೀಪಿನ ಹಿಂದಿನ ಚಕ್ರದ ಒಳಗಿನಿಂದ ಈಗ ಆಯಿಲ್ ಇಳಿಯುತ್ತಿತ್ತು.

ಗ್ಯಾರೇಜು ಬುಗುರಿಯ ಚಿಕ್ಕಮ್ಮನದು. ಬುಗುರಿ ಅಂದರೆ ಆಟದ ಬುಗುರಿಯಲ್ಲ, ನಿಂತ ಕಡೆ ನಿಲ್ಲದ ಐದನೇ ಕ್ಲಾಸಿನ ಹುಡುಗಿ. ಸ್ಕೂಲು ಬಿಟ್ಟ ಮೇಲೆ ಅಮ್ಮ ಕೆಲಸದಿಂದ ಬರುವವರೆಗೂ ಅವಳ ಠಿಕಾಣಿ ಇಲ್ಲೇ.

“ಹೋದ ವಾರ ತಾನೇ ಹೊಸ ಸೀಲ್ ಹಾಕಿದ್ನಲ್ಲಣ್ಣಾ,” ಅಂದಳು ಚಿಕ್ಕಮ್ಮ.

“ಹಾಕಿದೆ, ಸೋರ್ತು. ನಿನ್ನ ಕೈಗುಣ ಸರಿ ಇಲ್ಲ ತಾಯಿ. ಬ್ರೇಕಿಗೆ ಆಯಿಲ್ ಹತ್ತಿದ್ರೆ ಗುಡ್ಡದ ತಿರುವಲ್ಲಿ ನನ್ನ ಗತಿ ಏನು? ಒಳಗೆ ಮಕ್ಕಳಿರ್ತಾರೆ! ಇವತ್ತು ಆಗಲ್ಲ ಅಂದ್ರೆ ಹೇಳ್ಬಿಡು. ಸೇತುವೆ ಆಚೆ ದೊಡ್ಡ ಗ್ಯಾರೇಜಿಗೆ ಹೋಗ್ತೀನಿ. ಉಳಿದ ಡ್ರೈವರ್‌ಗಳಿಗೂ ಅಲ್ಲಿಗೇ ಹೋಗಿ ಅಂತೀನಿ.”

ಚಿಕ್ಕಮ್ಮನಿಗೆ ಸಿಟ್ಟು ಬಂದರೆ ತುಕ್ಕು ಹಿಡಿದ ನಟ್ಟುಗಳು ಹೆದರಿ ತಾವೇ ಬಿಚ್ಚಿಕೊಳ್ಳುತ್ತಿದ್ದವು. ಆದರೆ ಈಗ ಅವಳಿಗೆ ಸಿಟ್ಟು ಬರಲಿಲ್ಲ. ಮುಖ ಸಣ್ಣದಾಯಿತು. ಅದು ಬುಗುರಿಗೆ ಹಿಡಿಸಲಿಲ್ಲ.

ಚಿಕ್ಕಮ್ಮ ಜ್ಯಾಕ್ ಕೊಟ್ಟು ಜೀಪನ್ನು ಎತ್ತಿದಳು. ಕೆಳಗೆ ಸ್ಟ್ಯಾಂಡ್ ಇಟ್ಟಳು. ಚಕ್ರ ಬಿಚ್ಚಿ, ಅದರ ಹಿಂದಿನ ಡಬ್ಬಿಯಂಥ ಬ್ರೇಕ್ ಡ್ರಮ್ ಕಳಚಿದಳು. ಡ್ರಮ್ಮನ್ನು ಒಳಗಿನಿಂದ ಒತ್ತಿ ಚಕ್ರ ನಿಲ್ಲಿಸುವ ಬ್ರೇಕ್ ಶೂಗಳು ಆಯಿಲಿನಲ್ಲಿ ಸ್ನಾನ ಮಾಡಿ ಬಂದಂತಿದ್ದವು.

“ಚಿಕ್ಕಮ್ಮಾ, ಸೀಲ್ ಹರಿದಿದ್ಯಾ?”

“ಇಲ್ವಲ್ಲೇ! ಹೊಸ ಬಳೆ ಇದ್ದ ಹಾಗಿದೆ. ಒಳಗಿಂದ ಯಾರೋ ನೂಕಿದ ಹಾಗೆ ಆಚೆ ಬಂದಿದೆ, ಅಷ್ಟೇ.”

ಎರಡು ಚಕ್ರಗಳ ನಡುವೆ ಇರುತ್ತದಲ್ಲ, ದಪ್ಪ ಕಬ್ಬಿಣದ ತೊಲೆ, ಅದೇ ಆಕ್ಸಲ್. ಅದರ ಹೊಟ್ಟೆಯೊಳಗೆ ಹಲ್ಲಿನ ಚಕ್ರಗಳು ಆಯಿಲಿನಲ್ಲಿ ಮುಳುಗಿ ತಿರುಗುತ್ತವೆ. ಆ ಆಯಿಲು ಚಕ್ರದ ಕಡೆಗೆ ಓಡಿಬರದಂತೆ ತಡೆಯುವುದು ಸೀಲ್ ಎಂಬ ರಬ್ಬರಿನ ಬಳೆ.

ಚಿಕ್ಕಮ್ಮ ಆಕ್ಸಲಿನ ಆಯಿಲ್ ತುಂಬಿಸುವ ಬೋಲ್ಟನ್ನು ಮೆಲ್ಲಗೆ ಸಡಿಲಿಸಿದಳು.

ಉಸ್ಸ್ಸ್ಸ್!

ಆ ಸದ್ದಿಗೆ ಬೀದಿಯ ಕುಕ್ಕರುಗಳೆಲ್ಲ ನಾಚಿ ಸೀಟಿ ಹೊಡೆಯುವುದನ್ನೇ ಬಿಟ್ಟವು. ಹಾರ್ನ್ ಮಾವ ಎರಡು ಮಾರು ಹಿಂದಕ್ಕೆ ಹಾರಿದ.

“ಸಿಕ್ತು! ಒಳಗೆ ಗಾಳಿ ಕಟ್ಕೊಂಡಿದೆ,” ಅಂದಳು ಚಿಕ್ಕಮ್ಮ. “ಗಾಡಿ ಓಡಿದ್ರೆ ಆಕ್ಸಲ್ ಬಿಸಿ ಆಗತ್ತಣ್ಣಾ. ಒಳಗಿನ ಗಾಳಿ ಉಬ್ಬತ್ತೆ. ಅದು ಆಚೆ ಹೋಗೋಕೆ ಅಂತಾನೇ ಮೇಲೊಂದು ಸಣ್ಣ ಪೈಪ್ ಇರತ್ತೆ, ಬ್ರೀದರ್ ಅಂತ. ಅದು ಕಟ್ಕೊಂಡ್ರೆ ಗಾಳಿ ಇನ್ನೆಲ್ಲಿ ಹೋಗತ್ತೆ? ಸೀಲನ್ನೇ ನೂಕಿ ಆಯಿಲ್ ಸಮೇತ ಬರತ್ತೆ.”

ತಿರುಗುತ್ತಿದ್ದ ಬುಗುರಿ ನಿಂತುಬಿಟ್ಟಳು.

ಆ ಪೈಪು ಅವಳಿಗೆ ಗೊತ್ತಿತ್ತು. ಹೋದ ವಾರ ಚಿಕ್ಕಮ್ಮ ಫೋನಿನಲ್ಲಿ ಮಾತಾಡುತ್ತಿದ್ದಾಗ ಅವಳು ಜೀಪಿನ ಕೆಳಗೆ ನುಸುಳಿದ್ದಳು. ಪೈಪಿನ ತುದಿಯಲ್ಲಿ ತೂತಿತ್ತು, ತೂತಿನ ಸುತ್ತ ಆಯಿಲಿನ ಜಿಡ್ಡಿತ್ತು. ಸೋರುವುದು ಇಲ್ಲಿಂದಲೇ, ಪಾಪ, ಚಿಕ್ಕಮ್ಮ ಮುಚ್ಚಲು ಮರೆತಿದ್ದಾಳೆ ಅಂದುಕೊಂಡಳು. ತನ್ನ ಸ್ಟ್ರಾಬೆರಿ ವಾಸನೆಯ ರಬ್ಬರನ್ನು ಮುರಿದು, ಪೆನ್ಸಿಲ್ಲಿನಿಂದ ಒಳಗೆ ಗಿಡಿದಿದ್ದಳು. ಮರುದಿನ ಕ್ಲಾಸಿನಲ್ಲಿ, “ಜೀಪ್ ರಿಪೇರಿ ಮಾಡಿದ್ದು ನಾನೇ,” ಅಂತ ಕೊನೆಯ ಬೆಂಚಿನವರೆಗೂ ಕೊಚ್ಚಿಕೊಂಡಿದ್ದಳು.

ಚಿಕ್ಕಮ್ಮ ಟಾರ್ಚ್ ಹಿಡಿದು ಜೀಪಿನ ಕೆಳಗೆ ಸರಿದಳು. ತಂತಿಯಿಂದ ಕೆದಕುವ ಸದ್ದು ಬಂತು. ಹೊರಬಂದಾಗ ಅವಳ ಅಂಗೈಯಲ್ಲಿ ಕರಿ ಉಂಡೆಯೊಂದಿತ್ತು. ಸ್ಟ್ರಾಬೆರಿ ವಾಸನೆ ಇರಲಿ, ಅದು ಏನೆಂದು ಅದಕ್ಕೇ ಗೊತ್ತಿರಲಿಲ್ಲ.

“ಏನೋ ಕಸ ಕೂತಿತ್ತು.”

“ಕಸ ಇದ್ರೆ ಆವತ್ತೇ ನೋಡ್ಬೇಕಿತ್ತು! ಕಣ್ಣೇನು ಮನೇಲಿ ಬಿಟ್ಟು ಬಂದಿದ್ಯಾ?” ಅಂದ ಹಾರ್ನ್ ಮಾವ.

“ನೋಡಿದ್ದೆ ಅಣ್ಣ. ಪೈಪಿಗೆ ಬಾಯಿಟ್ಟು ಊದಿ ನೋಡಿದ ನೆನಪು...” ಚಿಕ್ಕಮ್ಮ ಉಂಡೆಯನ್ನೇ ನೋಡುತ್ತಾ ನಿಂತಳು. “ನೋಡಿರ್ಲಿಲ್ವೇನೋ. ತಪ್ಪು ನಂದೇ ಇರ್ಬೇಕು.”

ಬುಗುರಿಯ ನಾಲಿಗೆ ಜೀಪಿಗಿಂತ ಭಾರವಾಯಿತು. ಕೆಳಗೆ ಜ್ಯಾಕ್ ಕೊಟ್ಟರೂ ಏಳುವಂತಿರಲಿಲ್ಲ. ಅವಳು ಸುಮ್ಮನಿದ್ದರೆ ಆ ಉಂಡೆ ಕಸದ ಡಬ್ಬಿಗೆ ಹೋಗುತ್ತಿತ್ತು. ಕತೆ ಅಲ್ಲಿಗೇ ಮುಗಿಯುತ್ತಿತ್ತು.

“ಅದು ಕಸ ಅಲ್ಲ, ನನ್ನ ರಬ್ಬರು,” ಅಂದಳು.

“ಏನು?”

“ತೂತು ಇತ್ತಲ್ಲ, ಅದ್ರಿಂದಾನೇ ಸೋರ್ತಿದೆ ಅಂತ ಮುಚ್ಚಿದೆ. ಚಿಕ್ಕಮ್ಮ ಊದಿ ನೋಡಿ ಆದ್ಮೇಲೆ.”

ಹಾರ್ನ್ ಮಾವನ ಬಾಯಿ ತೆರೆದೇ ಇತ್ತು. ಅದರೊಳಗೆ ಒಂದು ಟಯರು ಆರಾಮವಾಗಿ ಹೋಗುತ್ತಿತ್ತು.

“ಅಯ್ಯೋ ಮಹಾತಾಯಿ! ನನ್ನ ಮೂಗು ಸೋರಿದ್ರೂ ಹೀಗೇ ಬಿರಡೆ ಹಾಕ್ತಿದ್ಯಾ?”

ಚಿಕ್ಕಮ್ಮ ನಗಲಿಲ್ಲ. “ಇನ್ನು ಮೇಲೆ ನನ್ನ ಕೇಳದೆ ಯಾವ ಗಾಡೀನೂ ಮುಟ್ಟಬಾರ್ದು. ಬ್ರೇಕ್ ಅಂದ್ರೆ ಆಟ ಅಲ್ಲ. ತಿಳೀತಾ?” ಅಂದಳು. ಬುಗುರಿ ತಲೆಯಾಡಿಸಿದಳು. ಆ ದನಿ ಜೋರಾಗಿರಲಿಲ್ಲ. ಅದಕ್ಕೇ ಹೆಚ್ಚು ನಾಟಿತು.

ಮತ್ತೊಂದು ಸೀಲ್ ಬಂತು. ಹೊಸ ಬ್ರೇಕ್ ಶೂ ಬಂತು. ಚಿಕ್ಕಮ್ಮ ಡ್ರಮ್ಮನ್ನು ಕನ್ನಡಿಯಂತೆ ಒರೆಸಿ, ಆಯಿಲ್ ತುಂಬಿ, ಬ್ರೀದರನ್ನು ಮತ್ತೆ ಊದಿ ನೋಡಿದಳು. ಹಾರ್ನ್ ಮಾವ ಗುಡ್ಡ ಹತ್ತಿ ಇಳಿದು ಬಂದ. ಚಿಕ್ಕಮ್ಮ ಚಕ್ರದ ಹಿಂದೆ ಬಟ್ಟೆ ಆಡಿಸಿ ಅವನಿಗೆ ತೋರಿಸಿದಳು. ಬಟ್ಟೆಗೆ ಒಂದು ಹನಿ ಆಯಿಲೂ ಹತ್ತಿರಲಿಲ್ಲ.

ಅವನು ತಲೆ ಕೆರೆದುಕೊಂಡ. “ಸೇತುವೆ ಆಚೆ ಹೋಗೋ ಡೀಸೆಲ್ ಉಳೀತು ಬಿಡಮ್ಮಾ. ಮುಂದಿನ ವಾರ ಕ್ಲಚ್ಚೂ ನೀನೇ ನೋಡು,” ಅಂದ. ಹಾರ್ನ್ ಮಾವನ ಬಾಯಲ್ಲಿ ಕ್ಷಮೆ ಇದಕ್ಕಿಂತ ಉದ್ದ ಬಂದದ್ದಿಲ್ಲ.

ಅವನು ಹೋದ ಮೇಲೆ ಇಬ್ಬರೂ ಹಿತ್ತಿಲ ನಲ್ಲಿಯ ಹತ್ತಿರ ಸೋಪಿನ ಪುಡಿ ಹಾಕಿ ಕೈ ಉಜ್ಜಿಕೊಂಡರು.

“ನೀನು ಹೇಳ್ದಿದ್ರೆ ಅದು ರಬ್ಬರು ಅಂತ ಯಾರಿಗೂ ಗೊತ್ತಾಗ್ತಿರ್ಲಿಲ್ಲ ಕಣೇ,” ಅಂದಳು ಚಿಕ್ಕಮ್ಮ.

“ಗೊತ್ತು.”

“ಮತ್ತೆ?”

ಬುಗುರಿ ಬೆರಳ ಸಂದಿಯ ಕಪ್ಪನ್ನು ಉಜ್ಜಿದಳು.

“ನೀನು ನಿಜವಾಗ್ಲೂ ಊದಿ ನೋಡಿದ್ದೆ ಚಿಕ್ಕಮ್ಮಾ. ನಾನು ಪಕ್ಕದಲ್ಲೇ ಇದ್ನಲ್ಲ.”

ಚಿಕ್ಕಮ್ಮನ ಕೈ ಇನ್ನೂ ಕಪ್ಪಾಗಿಯೇ ಇತ್ತು. ಆದರೂ ನಲ್ಲಿಯ ನೀರನ್ನು ಬುಗುರಿಗೆ ಬಿಟ್ಟು, ಪಕ್ಕಕ್ಕೆ ಸರಿದು ನಿಂತಳು.