ಮಂಚದ ಕೆಳಗಿನ ಅಸಲಿ ಜೇನು

ಗುರುರಾಜ್ ಕಳ್ಳ ಅನ್ನಿಸಿಕೊಂಡದ್ದು ನಿಜವಾದ ಜೇನು ಮಾರಿದ್ದಕ್ಕೆ. ವಿಮಾ ಕಚೇರಿಯಿಂದ ಸ್ವಯಂ ನಿವೃತ್ತಿ ಪಡೆದ ವರ್ಷ ಕೊಡಗಿನಿಂದ ಕಾಫಿ ಹೂವಿನ ಜೇನನ್ನು ಕ್ಯಾನುಗಟ್ಟಲೆ ತರಿಸಿ, ಜೀವನ್‌ಬಿಮಾ ನಗರದ ಮನೆಯಲ್ಲೇ ಬಾಟಲಿಗೆ ತುಂಬಿ ಮಾರಿದ್ದ. ಡಿಸೆಂಬರ್ ಚಳಿಗೆ ಅದು ಹೆಪ್ಪುಗಟ್ಟಿತು. ಅಪ್ಪಟ ಜೇನಿನ ಗುಣವೇ ಅದು. ಮೇಲಿನ ಮನೆಯ ಬೈರಮ್ಮ ಮಾತ್ರ ಬಾಟಲಿ ಹಿಡಿದು ಬಂದು, "ಏನ್ರೀ ಗುರುರಾಜ್, ತಳದಲ್ಲಿ ಸಕ್ಕರೆ ಕೂತಿದೆ! ನಾವೇನ್ ಕಿವಿ ಮೇಲೆ ಹೂವ ಇಟ್ಕೊಂಡಿದ್ದೀವಾ?" ಎಂದು ಇಡೀ ಕಟ್ಟಡಕ್ಕೆ ಕೇಳುವಂತೆ ಕೂಗಿದರು. ವಾರದೊಳಗೆ ಎಲ್ಲರ ಬಾಟಲಿಗಳೂ ವಾಪಸು ಬಂದವು.

ಆ ಅವಮಾನವನ್ನು ಅವನು ಮರೆಯಲಿಲ್ಲ. ಸಕ್ಕರೆ ಅಂದರಲ್ಲವೇ, ಸಕ್ಕರೆಯನ್ನೇ ಕುಡಿಸುತ್ತೇನೆ ಎಂದುಕೊಂಡ.

ಕೆ.ಆರ್. ಪುರದ ಗೋದಾಮೊಂದರಿಂದ ಅಕ್ಕಿಯ ಸಿಹಿ ಪಾಕ ಬಂತು. ಹಿಂದಿನ ಕೋಣೆಯಲ್ಲಿ ಅದಕ್ಕೆ ಬಣ್ಣ, ವಾಸನೆ ಕೂಡಿದವು. ಜನ ಮನೆಯಲ್ಲಿ ಮಾಡುವ ಪರೀಕ್ಷೆಗಳನ್ನೆಲ್ಲ ಅವನು ತಾನೇ ಮೊದಲು ಮಾಡಿದ. ಹನಿ ನೀರಿನ ಲೋಟದ ತಳಕ್ಕೆ ನೆಟ್ಟಗೆ ಇಳಿಯಿತು, ಉಗುರಿನ ಮೇಲೆ ಅಲುಗದೆ ನಿಂತಿತು, ಎಂಥ ಚಳಿಗೂ ಹೆಪ್ಪುಗಟ್ಟಲಿಲ್ಲ. ಬೈರಮ್ಮ ಎರಡು ಕೇಜಿ ಒಯ್ದು, "ಜೇನು ಅಂದ್ರೆ ಇದು ಕಣ್ರೀ!" ಎಂದರು. ಗುರುರಾಜ್ ವಿನಯದಿಂದ ಕೈಮುಗಿದ. ಅಸಲಿ ಜೇನು, ಈ ಪಾಕ ಎರಡನ್ನೂ ಪಕ್ಕಪಕ್ಕ ಇಟ್ಟರೆ ಯಾವುದು ಯಾವುದೆಂದು ಅವನಿಗೇ ತಿಳಿಯುತ್ತಿರಲಿಲ್ಲ. ಸಕ್ಕರೆ ಕಾಯಿಲೆಯವನಾದ್ದರಿಂದ ನೆಕ್ಕಿ ನೋಡುವಂತೆಯೂ ಇರಲಿಲ್ಲ.

ಬೇರೆಯವನಾಗಿದ್ದರೆ ಇಷ್ಟಕ್ಕೇ ತೃಪ್ತಿಪಡುತ್ತಿದ್ದ. ಗುರುರಾಜನ ಕಣ್ಣು ಶಿವಾಜಿನಗರದ ವ್ಯಾಪಾರಿ ಅಹ್ಮದ್ ಪಾಷಾ ಅವರ ಮೂರು ಅಂಗಡಿಗಳ ಮೇಲಿತ್ತು. "ಲ್ಯಾಬ್ ರಿಪೋರ್ಟ್ ತಗೊಂಬನ್ನಿ ಸಾಬ್, ಮೂರರಲ್ಲೂ ಇಡ್ತೀನಿ. ರಿಪೋರ್ಟ್ ಇಲ್ದೆ ನಾನು ಮುಟ್ಟಲ್ಲ" ಎಂದಿದ್ದರು ಪಾಷಾ. ಇಪ್ಪತ್ತೆರಡು ವರ್ಷ ಬೇರೆಯವರ ಕ್ಲೇಮುಗಳಲ್ಲಿ ಹುಳುಕು ಹುಡುಕಿದ್ದ ಗುರುರಾಜನಿಗೆ ಒಂದು ಸತ್ಯ ಗೊತ್ತಿತ್ತು. ಒಮ್ಮೆ ಅನುಮಾನಪಟ್ಟು ಬಿಟ್ಟವನನ್ನು ಸರ್ಕಾರ ಮತ್ತೆ ಮುಟ್ಟುವುದಿಲ್ಲ; ಪಾಷಾ ಕೇಳಿದ ರಿಪೋರ್ಟೂ ಸರ್ಕಾರಿ ಲ್ಯಾಬಿನಿಂದಲೇ ಸಿಗುತ್ತದೆ. ಆದ್ದರಿಂದ ಅವನು ತನ್ನ ಮೇಲೆ ತಾನೇ ಆಹಾರ ಸುರಕ್ಷತಾ ಇಲಾಖೆಗೆ ಒಂದು ಮೂಗರ್ಜಿ ಬರೆದ. ಕಾಗುಣಿತದ ತಪ್ಪುಗಳನ್ನೂ ಮುತುವರ್ಜಿಯಿಂದ ಸೇರಿಸಿದ.

ಅದನ್ನು ಕಳಿಸುವ ಮೊದಲು ಸಿದ್ಧತೆ ಮಾಡಿಕೊಂಡ. ಉಳಿದಿದ್ದ ಒಂದೇ ಒಂದು ಕ್ಯಾನ್ ಅಸಲಿ ಜೇನನ್ನು ಬಿಸಿನೀರಿನಲ್ಲಿಟ್ಟು ಕರಗಿಸಿ ಮಂಚದ ಕೆಳಗೆ ತಳ್ಳಿದ. ತಾನಿಲ್ಲದಾಗ ಗಿರಾಕಿಗಳನ್ನು ನೋಡಿಕೊಳ್ಳುವ ತಾಯಿ ಸೀತಮ್ಮನಿಗೆ, "ಅದೊಂದೇ ಅಸಲಿ ಅಮ್ಮ, ಅದನ್ನ ಮಾತ್ರ ಯಾರಿಗೂ ಮಾರ್ಬೇಡ" ಎಂದು ಬಿಡಿಸಿ ಹೇಳಿದ. ವಾರದ ಮೇಲೆ ಪಾಕದ ಕ್ಯಾನುಗಳನ್ನೆಲ್ಲ ಬೈಯಪ್ಪನಹಳ್ಳಿಯ ಬಾಡಿಗೆ ಕೋಣೆಗೆ ಸಾಗಿಸಿ, ಆಮೇಲೆಯೇ ಅರ್ಜಿಯನ್ನು ಅಂಚೆಗೆ ಹಾಕಿದ.

ಅಧಿಕಾರಿ ಬಂದರು. ಮನೆಯೆಲ್ಲ ಹುಡುಕಿದರು. ಗುರುರಾಜ್ ತಾನೇ ಬಗ್ಗಿ ಮಂಚದ ಕೆಳಗಿನ ಕ್ಯಾನನ್ನು ಎಳೆದುಕೊಟ್ಟ. ಅವರು ನಾಲ್ಕು ಬಾಟಲಿಗೆ ಮಾದರಿ ತುಂಬಿ ಅರಗಿನ ಮುದ್ರೆ ಒತ್ತಿದರು. "ಇದೇ ಜೇನು ಮಾರೋದು ಅಂತ ಬರೆದು ಸೈನ್ ಹಾಕಿ" ಎಂದಾಗ ಅವನು ಎರಡೆರಡು ಕಡೆ ದುಂಡಗೆ ಸಹಿ ಹಾಕಿದ. ಜೀಪು ತಿರುವು ದಾಟಿದ ಮೇಲೆ ಕುರ್ಚಿಯಲ್ಲಿ ಕಾಲು ಚಾಚಿ, "ಇನ್ನು ನಮ್ಮನ್ನ ಯಾರೂ ಅಲ್ಲಾಡ್ಸೋಕಾಗಲ್ಲ ಅಮ್ಮ. ಅಸಲೀನೇ ಕೊಟ್ಟು ಕಳಿಸಿದೀನಿ" ಎಂದು ನಕ್ಕ.

"ಅದರಲ್ಲಿ ಅಸಲಿ ಎಲ್ಲಿತ್ತೋ?" ಸೀತಮ್ಮ ದೇವರ ಕೋಣೆಯಿಂದ ಇಣುಕಿದರು. "ಕೃಷ್ಣನಿಗೆ ದಿನಾ ಪಂಚಾಮೃತ ಆಗ್ಬೇಕು. ದೇವರ ತಲೆ ಮೇಲೂ ನಿನ್ನ ಪಾಕ ಸುರೀಲಾ? ನೀನು ಹೇಳಿದ ದಿನವೇ ಒಳ್ಳೇದನ್ನೆಲ್ಲ ಜಾಡಿಗೆ ಬಗ್ಗಿಸಿ ಇಲ್ಲಿಟ್ಕೊಂಡೆ. ಖಾಲಿ ಕ್ಯಾನ್ ನೋಡಿ ನಿಂಗೆ ಬೇಜಾರಾಗ್ಬಾರ್ದು ಅಂತ, ಹಿಂದಿನ ಕೋಣೆಯಿಂದ ಪಾಕ ತಂದು ಕಂಠದ ತನಕ ತುಂಬ್ಸಿಟ್ಟಿದ್ದೆ."