ಕೂಲರ್ ಜಾಲರಿ ಬೆಳ್ಳಗಾದ ದಿನ

ಬಕೆಟ್ಟಿನ ಬ್ಲೀಚಿಂಗ್ ಪೌಡರ್ ನೀರಿನಲ್ಲಿ ನೆನೆಹಾಕಿದ್ದ ಕೂಲರ್ ಜಾಲರಿಯನ್ನು ಸುಶ್ಮಿತಾ ಮೇಲೆತ್ತಿ ನೋಡಿದಳು. ಪ್ಲಾಸ್ಟಿಕ್ ಪಟ್ಟಿಗಳಿಗೆ ಅಂಟಿದ್ದ ಕಪ್ಪು ಜಿಡ್ಡೆಲ್ಲ ಬಿಟ್ಟುಹೋಗಿತ್ತು. ಆ ಪೌಡರನ್ನು ತಾನೇ ಕಂಡುಹಿಡಿದವಳಂತೆ ಅವಳಿಗೆ ಹೆಮ್ಮೆಯಾಯಿತು.

ಈ ಕೆಲಸ ಅವ್ವ ಹೇಳಿದ್ದಲ್ಲ. ಆಯಿಗೆ, ಅಂದರೆ ಅಜ್ಜಿ ಭೀಮಬಾಯಿಗೆ, ದಮ್ಮಿನ ಕಾಯಿಲೆ. ಶಹಾಬಾದದ ಬಿಸಿಲಿಗೆ ಕೂಲರ್ ಬೇಕೇ ಬೇಕು. ಕೂಲರ್ ಹಚ್ಚಿದರೆ ಜಾಲರಿಯ ಧೂಳು ಹಾರಿ ಆಯಿಗೆ ಕೆಮ್ಮು. ಓಣಿಯ ತುದಿಯಲ್ಲೇ ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ಯುವ ಮಷಿನ್ ಇದ್ದರೆ ಇನ್ನೇನಾಗುತ್ತದೆ? ಭಾನುವಾರ ತೊಳೆಯುತ್ತೇನೆ ಎಂದು ಅವ್ವ ಜಯಮಾಲಾ ಹೇಳುತ್ತಲೇ ಇದ್ದಳು. ಇವತ್ತು ಅವಳು ಬಜಾರಕ್ಕೆ ಹೋದದ್ದೇ ತಡ, ಸುಶ್ಮಿತಾ ಜಾಲರಿ ಬಿಚ್ಚಿಕೊಂಡು ಹಿತ್ತಲಿನ ಬಚ್ಚಲಿಗೆ ಬಂದಿದ್ದಳು. ಚಪ್ಪಲಿ ಅದರ ಬಾಗಿಲಲ್ಲಿ ಬಿಟ್ಟು ಒಳಗೆ ಕೂತಿದ್ದಳು.

ಆದರೆ ಪಟ್ಟಿಗಳ ಮೇಲಿನ ಬಿಳಿ ಕಲೆ ಹಾಗೇ ಉಳಿದಿತ್ತು. ಆ ಊರಿನ ನೀರೇ ಅಂಥದ್ದು, ಒಣಗಿದಲ್ಲೆಲ್ಲ ಸುಣ್ಣ ಬಳಿದಂತೆ ಬಿಳಿ ಕಟ್ಟುತ್ತದೆ. ಬಚ್ಚಲ ಫರಸಿಯ ಮೇಲೆ ಹಾಗಾದಾಗ ಅವ್ವ ಆ್ಯಸಿಡ್ ಸುರಿಯುತ್ತಿದ್ದಳು. ಬುಸ್ಸೆಂದು ನೊರೆಯೆದ್ದು ಕಲೆ ಮಾಯ. ಫರಸಿಗೆ ಆಗುವುದು ಜಾಲರಿಗೆ ಯಾಕಾಗಬಾರದು? ಸುಶ್ಮಿತಾ ಜಾಲರಿಯನ್ನು ಮತ್ತೆ ಮುಳುಗಿಸಿ, ಮೂಲೆಯಲ್ಲಿದ್ದ ಆ್ಯಸಿಡ್ ಬಾಟಲಿ ಎತ್ತಿ ಬಕೆಟ್ಟಿಗೇ ಸುರಿದಳು.

ನೀರು ಕುದ್ದಂತೆ ಉಕ್ಕಿತು. ಹಳದಿ ಹೊಗೆ ಎದ್ದಿತು. ಮೂಗಿನೊಳಗೆ ಖಾರದಪುಡಿ ತುರುಕಿದ ಹಾಗಾಗಿ ಕಣ್ಣು ಉರಿದವು. ಅವಳು ಎಲ್ಲ ಬಿಟ್ಟು ಬರಿಗಾಲಲ್ಲೇ ಓಡಿ, ಹಿತ್ತಲ ಆಚೆಯ ಓಣಿಯ ನಳಕ್ಕೆ ಮುಖ ಒಡ್ಡಿದಳು.

"ಸುಶೀ, ಎಲ್ಲಿದ್ದಿ?" ಮನೆಯೊಳಗಿಂದ ಆಯಿ ಕೂಗಿದ್ದು ಕೇಳಿಸಿತು. ಓ ಅನ್ನೋಣವೆಂದರೆ ಕೆಮ್ಮು ಬಿಡಲಿಲ್ಲ.

ಇನ್ನೊಮ್ಮೆ ಕೂಗು ಕೇಳಿಸಿತು. ಆಮೇಲೆ ನಿಂತುಹೋಯಿತು. ಸುಶ್ಮಿತಾ ಮುಖ ಒರೆಸಿಕೊಂಡು ಹೊರಳಿ ನೋಡಿದಳು. ಬಚ್ಚಲ ಹೊಗೆಯೊಳಗೆ ಆಯಿಯ ಹಸಿರು ಸೀರೆ ಕಂಡಿತು. ಆಯಿ ಗೋಡೆ ಹಿಡಿದು ಕುಸಿಯುತ್ತಿದ್ದಳು.

ಸುಶ್ಮಿತಾ ಕೂಗಲು ಹೋದರೆ ಮತ್ತೆ ಕೆಮ್ಮು ಒತ್ತರಿಸಿತು. ಪಕ್ಕದ ಮನೆಯ ಮಜೀದ ಮಾಮಾ ಅಲ್ಲೇ ಆಟೋ ಒರೆಸುತ್ತಿದ್ದರು. ಅವರತ್ತ ತಿರುಗಿ ಅವಳು ಬಚ್ಚಲಿನ ಕಡೆ ಬೆರಳು ತೋರಿಸಿದಳು, ಅಷ್ಟೇ. ಮಾಮಾ ಟವಲ್ಲನ್ನು ನಳದಲ್ಲಿ ಒದ್ದೆ ಮಾಡಿ ಮೂಗಿಗೆ ಕಟ್ಟಿಕೊಂಡು ಒಳಗೆ ನುಗ್ಗಿದರು. ಹೊರಗೆ ತಂದಾಗ ಆಯಿಯ ತುಟಿ ನೀಲಿಯಾಗಿತ್ತು.

ಆಸ್ಪತ್ರೆಯಲ್ಲಿ ಆಯಿಯ ಮುಖಕ್ಕೆ ಆಕ್ಸಿಜನ್ ಮಾಸ್ಕ್ ಹಾಕಿದರು. ಏನಾಯಿತೆಂದು ಡಾಕ್ಟರ್ ಕೇಳಿದರೆ ಮಾಮಾಗೆ ಗೊತ್ತಿರಲಿಲ್ಲ. ಅವ್ವ ಇನ್ನೂ ಬಂದಿರಲಿಲ್ಲ. ಸುಶ್ಮಿತಾ ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವಳು ಏದುಸಿರು ಬಿಡುತ್ತಿದ್ದ ಆಯಿಯನ್ನು ನೋಡಿದಳು.

"ನಾನೇ ಮಾಡೀನ್ರಿ. ಬ್ಲೀಚಿಂಗ್ ಪೌಡರ್ ನೀರಾಗ ಆ್ಯಸಿಡ್ ಹಾಕೀನಿ."

ಡಾಕ್ಟರ್ ಬೈಯಲಿಲ್ಲ. ಅವೆರಡೂ ಕೂಡಿದರೆ ವಿಷದ ಗಾಳಿ ಏಳುತ್ತದೆ, ಹೇಳಿದ್ದು ಒಳ್ಳೆಯದಾಯಿತು ಎಂದು ನರ್ಸಿಗೆ ಬೇರೆ ಔಷಧ ತರಲು ಹೇಳಿದರು. ವಿಷ! ಎರಡೂ ಮನೆಯಲ್ಲಿ ದಿನಾ ಕಣ್ಣಿಗೆ ಬೀಳುವ ವಸ್ತುಗಳೇ.

ಆಯಿ ಹುಷಾರಾಗಿ ಮನೆಗೆ ಬಂದಳು. ಅವ್ವ ಬಕೆಟ್ಟನ್ನು ಎಸೆದು, ಜಾಲರಿಯನ್ನು ಬರಿ ನೀರಲ್ಲಿ ಮತ್ತೆ ಮತ್ತೆ ತೊಳೆದು ಹಾಕಿದ್ದಳು. ಕೂಲರ್ ಹೊಸದರಂತೆ ಕಾಣುತ್ತಿತ್ತು. ಸುಶ್ಮಿತಾಳಿಗೆ ಅದರತ್ತ ನೋಡಲೂ ಮನಸ್ಸಾಗಲಿಲ್ಲ. ಅವಳು ಮಂಚದ ಅಂಚಿಗೆ ಕೂತಳು.

"ಆಯಿ, ಅಷ್ಟು ಘಾಟು ಇತ್ತು. ನಿನಗ ಮೊದಲೇ ದಮ್ಮು. ಒಳಗ ಯಾಕ ಹ್ವಾದಿ?"

"ನಿನ್ನ ಚಪ್ಪಲ್ ಬಾಗಲದಾಗೇ ಇದ್ವಲ್ಲವ್ವ," ಅಂದಳು ಆಯಿ. "ನೀ ಒಳಗೇ ಅದಿ ಅಂದ್ಕೊಂಡೆ."

ಅಷ್ಟು ಹೇಳಿ ಆಯಿ ಮಗ್ಗುಲಾಗಿ ಕಣ್ಣು ಮುಚ್ಚಿದಳು.

ಸುಶ್ಮಿತಾ ಎದ್ದು ಹಿತ್ತಲಿಗೆ ಹೋದಳು. ಅವತ್ತು ಬಿಟ್ಟ ಚಪ್ಪಲಿಗಳು ಬಚ್ಚಲ ಬಾಗಿಲಲ್ಲೇ ಇದ್ದವು, ಯಾರೂ ಮುಟ್ಟಿರಲಿಲ್ಲ. ಅವಳು ಅವನ್ನು ಎತ್ತಿ ತಂದು, ಆಯಿ ಕಣ್ಣು ಬಿಟ್ಟರೆ ಕಾಣುವ ಹಾಗೆ ಮಂಚದ ಪಕ್ಕದಲ್ಲಿ ಇಟ್ಟಳು.