‘ನಸುಕು’ ಕೆನಲ್‌ನ ಕುರುಡು ನಾಯಿ

ಮಂಗಳವಾರ ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಠಾಣೆಯ ಮೆಟ್ಟಿಲು ಹತ್ತಿದವರು ಒಬ್ಬ ನಿವೃತ್ತ ಡ್ರೈವಿಂಗ್ ಮೇಷ್ಟ್ರು. ಒಂದು ಕೈಯಲ್ಲಿ ಫೈಲು, ಇನ್ನೊಂದರಲ್ಲಿ ಲ್ಯಾಬ್ರಡಾರ್ ನಾಯಿಯ ಬೆಲ್ಟು. ಒಳಗೆ ಬರುವಾಗ ನಾಯಿ ಬಾಗಿಲ ಚೌಕಟ್ಟಿಗೆ ಮೂತಿ ಹೊಡೆದುಕೊಂಡಿತು.

“ಏನ್ರೀ, ಕುಡಿದಿದೆಯಾ ನಿಮ್ಮ ನಾಯಿ?” ಎಂದ ಹೆಡ್ ಕಾನ್‌ಸ್ಟೇಬಲ್.

“ಕಣ್ಣು ಕಾಣಲ್ಲ ಅದಕ್ಕೆ. ನನ್ನ ಹೆಂಡತಿಗೂ ಕಾಣಲ್ಲ. ಅವಳಿಗೆ ದಾರಿ ತೋರಿಸಲಿ ಅಂತ ತಂದು, ತರಬೇತಿ ಕೊಡಿಸಿದ್ದು.”

ಹೆಡ್ ಕಾನ್‌ಸ್ಟೇಬಲ್ ನಾಲಿಗೆ ಕಚ್ಚಿಕೊಂಡು ಕುರ್ಚಿ ಎಳೆದುಕೊಟ್ಟ.

ಹಿಂದಿನ ಶುಕ್ರವಾರ ನಾಯಿ ಮೇಷ್ಟ್ರ ಹೆಂಡತಿಯನ್ನು ನೇರವಾಗಿ ತೆರೆದ ಗುಂಡಿಯೊಳಕ್ಕೆ ನಡೆಸಿತ್ತು. ಆಕೆಯ ಸೊಂಟದ ಮೂಳೆ ಮುರಿದಿತ್ತು. ಪಶುವೈದ್ಯರು ಬರೆದುಕೊಟ್ಟದ್ದು: ವಂಶದಿಂದ ಬಂದ ರೋಗ, ಎರಡು ವರ್ಷ ತುಂಬಿದ ಮೇಲೆ ಯಾವಾಗಲಾದರೂ ದೃಷ್ಟಿ ಹೋಗುತ್ತದೆ. ಫೈಲಿನಲ್ಲಿದ್ದ ವಂಶಪತ್ರದ ಮೇಲೆ ‘ನಸುಕು’ ಕೆನಲ್‌ನ ಮೊಹರಿತ್ತು. ಮೂವತ್ತು ವರ್ಷದ ಹೆಸರು ಅದು. ನಾಯಿ ಸಾಕುವವರು ಕಣ್ಣು ಮುಚ್ಚಿ ನಂಬುತ್ತಿದ್ದ ಹೆಸರು. ಮೇಷ್ಟ್ರೂ ನಂಬಿದ್ದರು. ಮರಿ ಪಾರ್ಸೆಲ್ ವ್ಯಾನಿನಲ್ಲಿ ಬಂದಿತ್ತು, ಮಾರಿದವರ ಮುಖವನ್ನು ಅವರು ಕಂಡಿರಲಿಲ್ಲ.

ಹತ್ತು ಗಂಟೆಗೆ ಎಫ್‌ಐಆರ್ ದಾಖಲಾಯಿತು. ಇನ್ಸ್‌ಪೆಕ್ಟರ್ ನಾಯಿ ತಳಿಗಳನ್ನು ನೋಂದಾಯಿಸುವ ಸಂಘಕ್ಕೆ ಫೋನ್ ಮಾಡಿದರು. ಪತ್ರದಲ್ಲಿದ್ದ ನಂಬರನ್ನು ಸಂಘ ಯಾರಿಗೂ ಕೊಟ್ಟಿರಲಿಲ್ಲ. ಪತ್ರ ಖೋಟಾ. ಆದರೆ ಪ್ರಾಣಿ ಕಲ್ಯಾಣ ಇಲಾಖೆಯವರು ಪಶುವೈದ್ಯರ ವರದಿ ಹಿಡಿದು ಅಷ್ಟರಲ್ಲೇ ಆದೇಶ ಹೊರಡಿಸಿ ಕೂತಿದ್ದರು: ಸಂಜೆ ನಾಲ್ಕಕ್ಕೆ ‘ನಸುಕು’ವಿನ ಹನ್ನೊಂದೂ ನಾಯಿಗಳ ವಶ, ಆಮೇಲೆ ಎಲ್ಲಕ್ಕೂ ಸಂತಾನಹರಣ ಶಸ್ತ್ರಚಿಕಿತ್ಸೆ.

“ಬೇರೆ ಆರೋಪಿ ಸಿಕ್ಕಿದ್ರೆ ನಿಲ್ಲಿಸ್ತೀವಿ. ಇಲ್ಲಾಂದ್ರೆ ವ್ಯಾನ್ ಬರುತ್ತೆ,” ಎಂದರು ಅಲ್ಲಿಯ ಅಧಿಕಾರಿ.

ಹನ್ನೊಂದೂವರೆಗೆ ಇನ್ಸ್‌ಪೆಕ್ಟರ್, ಹೆಡ್ ಕಾನ್‌ಸ್ಟೇಬಲ್, ಮಹಿಳಾ ಕಾನ್‌ಸ್ಟೇಬಲ್ ಮೂವರೂ ಕೆನಲ್ ತಲುಪಿದರು. ಒಡತಿಗೆ ಅರವತ್ತರ ಆಸುಪಾಸು. ಎಲ್ಲರೂ ಕರೆಯುವುದು ‘ನಾಯಿ ಅಕ್ಕ’ ಎಂದೇ. ಆಕೆ ಬಾಗಿಲಲ್ಲೇ ಜಗಳಕ್ಕೆ ನಿಂತಳು.

“ನನ್ನ ನಾಯಿ ಅಲ್ಲ ಅಂದ್ರೆ ಅಲ್ಲ! ಒಳಗೊಂದು ಇವತ್ತು ಮರಿ ಹಾಕೋದಿದೆ. ಅದನ್ನ ವ್ಯಾನಿಗೆ ಹತ್ತಿಸಿದ್ರೆ ಮರಿಗಳೂ ಉಳಿಯಲ್ಲ, ತಾಯಿನೂ ಉಳಿಯಲ್ಲ. ಯಾವನೋ ಮಾಡಿದ ತಪ್ಪಿಗೆ ನನ್ನ ಹೊಟ್ಟೆ ಉರಿಸ್ತೀರಾ?”

“ಹಾಗಾದ್ರೆ ಇದು ಯಾರ ಕೆಲಸ ಅಂತ ನೀವೇ ಹೇಳಿ.” ಇನ್ಸ್‌ಪೆಕ್ಟರ್ ಫೈಲಿನಿಂದ ಒಂದು ಬಟ್ಟೆ ತುಂಡು ತೆಗೆದು ಮುಂದಿಟ್ಟರು. ನೀಲಿ ಹೂವಿನ ಹಳೆಯ ಬಟ್ಟೆ, ಅಂಗೈಯಷ್ಟು. “ಮರಿ ಜೊತೆ ಬುಟ್ಟಿಯಲ್ಲಿತ್ತಂತೆ. ಏನಿದು?”

ಆಕೆಯ ದನಿ ಥಟ್ಟನೆ ಇಳಿಯಿತು. “ನನಗೇನು ಗೊತ್ತು?”

ಕ್ಷಣದ ಹಿಂದೆ ಕೇರಿ ನಡುಗುವಂತೆ ಕೂಗುತ್ತಿದ್ದವಳು ಈಗ ಬಾಯಿಗೆ ಬೀಗ ಹಾಕಿಕೊಂಡಳು. ಮಹಿಳಾ ಕಾನ್‌ಸ್ಟೇಬಲ್ ಅದನ್ನು ಗಮನಿಸಿದಳು.

ಇಬ್ಬರು ಪಂಚರ ಸಮ್ಮುಖದಲ್ಲಿ ಹೆರಿಗೆ ಕೋಣೆಯ ಪಂಚನಾಮೆ ಶುರುವಾಯಿತು. ತೂಕದ ತಕ್ಕಡಿ, ಬಿಸಿನೀರಿನ ಚೀಲ, ಗೋಡೆಗೆ ಒರಗಿ ಏದುಸಿರು ಬಿಡುತ್ತಿದ್ದ ತುಂಬು ಬಸುರಿ ನಾಯಿ. ಕಪಾಟಿನಲ್ಲಿ ಅಂಗೈಯಗಲದ ಬಟ್ಟೆ ತುಂಡುಗಳ ಅಟ್ಟಿ ಇತ್ತು. ಎಲ್ಲವೂ ಬಿಳಿ, ಅಂಚಿಗೆ ಮೆಷಿನ್ ಹೊಲಿಗೆ.

“ಇದ್ಯಾಕೆ?”

“ತಾಯಿ ಮೈಗೆ ಉಜ್ಜಿ ಮರಿ ಜೊತೆ ಕಳಿಸ್ತೀನಿ. ಹೊಸ ಮನೇಲಿ ಮರಿ ಅಳಬಾರದು ನೋಡಿ.”

“ಬೇರೆ ಯಾರಾದ್ರೂ ಹೀಗೆ ಮಾಡ್ತಾರಾ?”

ಅಕ್ಕ ಕಪಾಟಿನ ಬಾಗಿಲು ಮುಚ್ಚಿದಳು. ಆದರೆ ಇನ್ಸ್‌ಪೆಕ್ಟರಿಗೆ ಉತ್ತರ ಸಿಕ್ಕಿತ್ತು. ಬರೀ ಮೋಸಕ್ಕೆ ಇಳಿದವನು ಮರಿಯ ಅಳುವಿನ ಬಗ್ಗೆ ತಲೆ ಕೆಡಿಸಿಕೊಳ್ಳುವುದಿಲ್ಲ. ಇದು ಇದೇ ಕೋಣೆಯಲ್ಲಿ ಕೆಲಸ ಕಲಿತವರ ಕೈ.

“ಸಾರ್, ಇಲ್ಲಿ ಬನ್ನಿ,” ಎಂದು ಹಜಾರದಿಂದ ಕರೆದಳು ಮಹಿಳಾ ಕಾನ್‌ಸ್ಟೇಬಲ್. ಗೋಡೆಯ ಮೇಲೆ ಹಳೆಯ ಫೋಟೋ: ಇಬ್ಬರು ಹುಡುಗಿಯರು, ಕಾಲ ಬಳಿ ಒಂದು ನಾಯಿ, ಹಿಂದೆ ನೀಲಿ ಹೂವಿನ ಪರದೆ.

“ಪಕ್ಕದಲ್ಲಿರೋದು ಯಾರು?”

“ತಂಗಿ.”

“ನಾಯಿ ಹೆಸರೇನು?”

ಆಕೆ ಫೋಟೋದ ಧೂಳನ್ನು ಬೆರಳಿನಿಂದ ಒರೆಸಿದಳು. “ನಸುಕು.”

“ಯಾರ ನಾಯಿ ಅದು?”

“ಅವಳದ್ದು,” ಎಂದಳು ಅಕ್ಕ, ನೆಲ ನೋಡುತ್ತ. “ಹನ್ನೆರಡು ವರ್ಷ ಇಲ್ಲೇ ನನ್ನ ಜೊತೆ ದುಡಿದಳು. ಕೆನಲ್ ಹೆಸರು ನೋಂದಾಯಿಸುವಾಗ ಒಡತಿ ಅಂತ ನನ್ನೊಬ್ಬಳದ್ದೇ ಹಾಕಿಸಿದೆ. ಅದೇ ಜಗಳ ಬೆಳೆದು, ಆರು ವರ್ಷದ ಹಿಂದೆ ಹೋದಳು. ಒಂದು ಹೆಣ್ಣುನಾಯಿ ಕೊಟ್ಟು ಕಳಿಸಿದೆ, ಮರಿ ಹಾಕಿಸಬೇಡ ಅಂತ ಹೇಳಿ.”

“ಯಾಕೆ ಬೇಡ ಅಂದಿರಿ?”

ತಂಗಿ ಅಂಗಡಿಯ ವಿಳಾಸ ಮಾತ್ರ ಕೊಟ್ಟು ಆಕೆ ಹೆರಿಗೆ ಕೋಣೆಗೆ ನಡೆದಳು. ಗಂಟೆ ಎರಡೂಕಾಲು.

ಜೀಪಿನಲ್ಲಿ ಹೆಡ್ ಕಾನ್‌ಸ್ಟೇಬಲ್ ನಿಟ್ಟುಸಿರಿಟ್ಟ. “ಹುಟ್ತಾ ಅಣ್ಣತಮ್ಮ, ಬೆಳೀತಾ ದಾಯಾದಿ ಅಂತಾರೆ. ಅಕ್ಕತಂಗಿಯರೂ ಏನು ಕಮ್ಮಿ ಇಲ್ಲ ಬಿಡಿ ಸಾರ್.”

“ಗಾಡಿ ಓಡಿಸಯ್ಯ,” ಎಂದರು ಇನ್ಸ್‌ಪೆಕ್ಟರ್.

ತಂಗಿಯದು ಹಳೆ ಬಟ್ಟೆ ರಿಪೇರಿ ಮಾಡುವ ಟೈಲರ್ ಅಂಗಡಿ. ಮೂರು ಗಂಟೆಗೆ ಇವರು ಒಳಹೊಕ್ಕಾಗ ಆಕೆ ಪ್ಯಾಂಟಿನ ಕಾಲಿಗೆ ಕೈಹೊಲಿಗೆ ಹಾಕುತ್ತಿದ್ದಳು. ಇನ್ಸ್‌ಪೆಕ್ಟರ್ ಬಟ್ಟೆ ತುಂಡನ್ನು ಮೇಜಿನ ಮೇಲಿಟ್ಟರು. ಅಂಚಿನ ಹೊಲಿಗೆಯೂ ಪ್ಯಾಂಟಿನ ಹೊಲಿಗೆಯೂ ಒಂದೇ ಓರೆ.

“ಅಮ್ಮನ ಮನೆ ಪರದೆ,” ಎಂದಳು ಆಕೆ, ಸೂಜಿ ಕೆಳಗಿಡದೆ. “ಅಕ್ಕ ಕಂಪ್ಲೇಂಟ್ ಕೊಟ್ಟಳಾ?”

“ಇಲ್ಲ. ವಂಶಪತ್ರ ಬರೆದಿದ್ದು ಯಾರು?”

“ನಾನೇ. ಮೊಹರೂ ಮಾಡಿಸಿದೆ. ಏಳು ಮರಿ, ಒಂದೇ ಸಲ. ಹೆಸರು ನನ್ನ ನಾಯೀದು ಸಾರ್. ನನ್ನ ನಾಯಿ ಹೆಸರು ನಾನಿಟ್ಟರೆ ಕಳ್ಳತನ, ಅವಳಿಟ್ಟರೆ ಕೀರ್ತಿ. ಇದ್ಯಾವ ನ್ಯಾಯ?”

“ತಾಯಿ ಎಲ್ಲಿ?”

ಹಿತ್ತಲಲ್ಲಿ ಮುದಿ ನಾಯಿಯೊಂದು ಗೋಡೆಗೆ ಮೈ ತಾಗಿಸಿಕೊಂಡು ನಿಧಾನಕ್ಕೆ ನಡೆಯುತ್ತಿತ್ತು. ಇನ್ಸ್‌ಪೆಕ್ಟರ್ ಅದರ ಕಣ್ಣೆದುರು ಕೈ ಆಡಿಸಿದರು. ಅದು ರೆಪ್ಪೆ ಬಡಿಯಲಿಲ್ಲ.

“ಮರಿ ಹಾಕಿದ ಮೇಲೆ ಕಣ್ಣು ಹೋಯ್ತು. ವಯಸ್ಸಾಯ್ತಲ್ಲ, ಪಾಪ,” ಎಂದಳು ತಂಗಿ.

“ವಯಸ್ಸಲ್ಲಮ್ಮ, ವಂಶದ ರೋಗ,” ಎಂದು ಇನ್ಸ್‌ಪೆಕ್ಟರ್ ಗುಂಡಿಯ ವಿಷಯ, ಮೇಷ್ಟ್ರ ಹೆಂಡತಿಯ ವಿಷಯ ಎಲ್ಲವನ್ನೂ ಹೇಳಿದರು. ಕೇಳುತ್ತ ಕೇಳುತ್ತ ಆಕೆ ನಾಯಿಯ ಮುಂದೆ ಕೂತು ಅದರ ಕಣ್ಣನ್ನೇ ನೋಡಿದಳು.

“ಅಯ್ಯೋ! ಗೊತ್ತಿದ್ರೆ ಮರಿ ಹಾಕಿಸ್ತಿದ್ನಾ ಸಾರ್? ಹೊಟ್ಟೆಕಿಚ್ಚಿಗೆ ಬೇಡ ಅಂತಿದಾಳೆ ಅಂದ್ಕೊಂಡೆ.” ಒಳಗೆ ಓಡಿ ಒಂದು ನೋಟ್‌ಬುಕ್ ತಂದಳು. “ಏಳೂ ಮನೆ ವಿಳಾಸ ಇಲ್ಲಿದೆ. ಉಳಿದ ಆರು ಮನೆಗೆ ಮೊದಲು ಫೋನ್ ಮಾಡಿ. ನನ್ನನ್ನ ಆಮೇಲೆ ಕರ್ಕೊಂಡು ಹೋಗಿ.”

ಮೂರು ಮೂವತ್ತೈದಕ್ಕೆ ದಸ್ತಗಿರಿಯಾಯಿತು. ಮೂರು ನಲವತ್ತಕ್ಕೆ ಇಲಾಖೆಗೆ ಫೋನ್ ಹೋಯಿತು. ವ್ಯಾನು ಅರ್ಧ ದಾರಿಯಿಂದ ವಾಪಸಾಯಿತು.

ಐದೂವರೆಗೆ ಅಕ್ಕ ಠಾಣೆಗೆ ಬಂದಳು. ಐದು ಮರಿ, ತಾಯಿ ಕ್ಷೇಮ ಎಂದಳು. ಯಾರೂ ಕೇಳಿರಲಿಲ್ಲ.

“ರೋಗದ ವಿಷಯ ನಿಮಗೆ ಗೊತ್ತಿತ್ತು,” ಎಂದರು ಇನ್ಸ್‌ಪೆಕ್ಟರ್.

“ಗೊತ್ತಿತ್ತು. ನಾನು ಕೊಟ್ಟ ನಾಯಿಯ ಅಕ್ಕನಿಗೆ ಬಂದಿತ್ತು. ಆ ಸಂತತಿ ಅಲ್ಲಿಗೇ ನಿಲ್ಲಿಸಿದೆ.”

“ತಂಗಿಗೆ ಹೇಳಲಿಲ್ಲ ಯಾಕೆ?”

“ಒಬ್ಬರ ಬಾಯಿಗೆ ಬಿದ್ದರೆ ಊರ ಬಾಯಿಗೆ ಬಿದ್ದ ಹಾಗೆ. ಹೆಸರು ಕೆಡ್ತಿತ್ತು.”

“ಇದಕ್ಕೆ ಯಾವ ಕಲಂ ಹಾಕೋದು ಸಾರ್?” ಎಂದು ಠಾಣೆಯ ರೈಟರ್ ಪೆನ್ನೆತ್ತಿ ಕೇಳಿದ. ಇನ್ಸ್‌ಪೆಕ್ಟರ್, ಸಾಕ್ಷಿ ಎಂದೇ ಬರೆದುಕೋ ಎಂದರು. ಹಾಗೆ ಹೇಳಲು ಅವರಿಗೆ ಇಷ್ಟವಿರಲಿಲ್ಲ.

ಆರೋಪಿಯ ಹೇಳಿಕೆಯಲ್ಲಿ ಉದ್ದೇಶದ ಬಗ್ಗೆ ಇದ್ದದ್ದು ಒಂದೇ ಸಾಲು: ಹೆಸರು ನನ್ನದೆಂದು ತಿಳಿದಿದ್ದೆ. ತಂಗಿ ಸಹಿ ಹಾಕಿ ತಲೆಯೆತ್ತಿದಳು. ಬೆಂಚಿನ ಆ ತುದಿಯಲ್ಲಿ ಅಕ್ಕ ಕೂತಿದ್ದಳು.

“ಹಿತ್ತಲಲ್ಲಿ ಅದೊಂದೇ ಇದೆ,” ಎಂದಳು ತಂಗಿ.

“ನಾನು ಕರ್ಕೊಂಡು ಹೋಗ್ತೀನಿ.”

“ನಡೆಸುವಾಗ ಗೋಡೆ ಬಲಗಡೆ ಇರಲಿ ಅಕ್ಕ. ಎಡಗಡೆ ಬಂದ್ರೆ ಹೆದರುತ್ತೆ.”

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, ಬಲಗಡೆ ಎಂದು ತನ್ನಷ್ಟಕ್ಕೆ ಒಮ್ಮೆ ಹೇಳಿಕೊಂಡಳು.